ತೂಕ ಜಾಸ್ತಿ ಅಂತ ಹಾಸಿಗೆಯಲ್ಲೇ ಬಿಡಬೇಡಿ: ಐಸಿಯು ನಡೆಸುವವರಿಗೆ ಒಂದು ಬಹಿರಂಗ ಪತ್ರ

ಐಸಿಯು ಮುಖ್ಯಸ್ಥರಿಗೆ, ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವವರಿಗೆ, ಮತ್ತು ಒಳಗೆ ಮಲಗಿರುವ ತಮ್ಮವರಿಗಾಗಿ ಹೊರಗೆ ಕಾಯುತ್ತಿರುವ ಎಲ್ಲರಿಗೂ,

ನಮಸ್ಕಾರ.

ನಾನು ಐಸಿಯುನಲ್ಲಿ ಕೆಲಸ ಮಾಡುವ ಫಿಜಿಯೋಥೆರಪಿಸ್ಟ್. ಬೆಳಗಿನ ರೌಂಡ್ಸ್‌ನಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವ ಒಂದು ಮಾತಿನ ಬಗ್ಗೆ ಈ ಪತ್ರ. "ಇವರು ತುಂಬಾ ದಪ್ಪ ಇದ್ದಾರೆ, ಇವತ್ತು ಎಬ್ಬಿಸೋದು ಬೇಡ, ನಾಳೆ ನೋಡೋಣ." ನಾಳೆ ಬರುವ ಹೊತ್ತಿಗೆ ಬೇರೆ ಕಾರಣ ಸಿಕ್ಕಿರುತ್ತದೆ. ಜನ ಕಡಿಮೆ, ಕುರ್ಚಿ ಸಾಲದು, ಪೇಷೆಂಟನ್ನು ಎತ್ತುವ ಲಿಫ್ಟ್ ಯಂತ್ರ ಇನ್ನೊಂದು ವಾರ್ಡಿನಲ್ಲಿದೆ. ಪಕ್ಕದ ಬೆಡ್‌ನಲ್ಲಿ ಅದೇ ಕಾಯಿಲೆ ಇರುವ, ಕಡಿಮೆ ತೂಕದ ಪೇಷೆಂಟ್ ಅಷ್ಟರಲ್ಲಿ ಕುರ್ಚಿಯಲ್ಲಿ ಕೂತು ಕೆಮ್ಮಿ ಕಫ ಹೊರಗೆ ಹಾಕುತ್ತಿರುತ್ತಾರೆ. ಇವರು ಮಾತ್ರ ಮಲಗಿದಲ್ಲೇ ಇರುತ್ತಾರೆ.

ತೂಕ ಜಾಸ್ತಿ ಇದೆ ಅನ್ನುವುದು ಇವರನ್ನು ತಡವಾಗಿ ಎಬ್ಬಿಸಲು ಕಾರಣ ಆಗಬಾರದು. ಬೇರೆಯವರಿಗಿಂತ ಮೊದಲು ಎಬ್ಬಿಸಲು ಅದೇ ಕಾರಣ ಆಗಬೇಕು. ನಾನು ಹೇಳಬೇಕಾದ್ದು ಇಷ್ಟೇ, ಉಳಿದದ್ದೆಲ್ಲ ಯಾಕೆ, ಹೇಗೆ ಅನ್ನುವುದರ ವಿವರ.

ಮೊದಲು ಉಸಿರಿನ ವಿಷಯ. ದಪ್ಪ ಇರುವವರನ್ನು ಅಂಗಾತ ಮಲಗಿಸಿದಾಗ ಹೊಟ್ಟೆಯ ಭಾರವೆಲ್ಲ ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ದೊಡ್ಡ ಸ್ನಾಯುವನ್ನು, ಎದೆಯೊಳಕ್ಕೆ ತಳ್ಳುತ್ತದೆ. ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಸ್ವಲ್ಪ ಗಾಳಿ ಉಳಿದಿರಬೇಕು, ಆ ಉಳಿಕೆ ಕಡಿಮೆಯಾಗುತ್ತದೆ. ಬುಡದ ಕಡೆಯ ಸಣ್ಣ ಗಾಳಿಚೀಲಗಳು ಮುಚ್ಚಿಕೊಳ್ಳುತ್ತವೆ. ಮುಚ್ಚಿದ ಜಾಗಕ್ಕೂ ರಕ್ತ ಹರಿಯುತ್ತಲೇ ಇರುತ್ತದೆ, ಆದರೆ ಅಲ್ಲಿ ಆಕ್ಸಿಜನ್ ಸಿಗದೆ ಹೋದ ಹಾಗೇ ವಾಪಸ್ ಬರುತ್ತದೆ. ಅರಿವಳಿಕೆ ಕೊಟ್ಟಾಗ ಇದು ಎಲ್ಲರಿಗೂ ಒಂದಿಷ್ಟು ಆಗುತ್ತದೆ. ತೆಳ್ಳಗಿರುವವರಲ್ಲಿ ಒಂದು ದಿನದೊಳಗೆ ಬಹುಪಾಲು ತೆರೆದುಕೊಳ್ಳುತ್ತದೆ, ತೂಕ ತುಂಬಾ ಜಾಸ್ತಿ ಇರುವವರಲ್ಲಿ 24 ಗಂಟೆ ಕಳೆದರೂ ಮುಚ್ಚಿಕೊಂಡೇ ಇರುತ್ತದೆ. ಮೇಲಾಗಿ ದೊಡ್ಡ ಮೈಗೆ ಆಕ್ಸಿಜನ್ ಜಾಸ್ತಿ ಬೇಕು, ಸಂಗ್ರಹ ಮಾತ್ರ ಕಡಿಮೆ. ಅದಕ್ಕೇ ಇವರಿಗೆ ಉಸಿರು ಸ್ವಲ್ಪ ಹೊತ್ತು ನಿಂತರೂ ಮಾನಿಟರ್‌ನಲ್ಲಿ ಸ್ಯಾಚುರೇಶನ್, ಅಂದರೆ ರಕ್ತದ ಆಕ್ಸಿಜನ್ ಮಟ್ಟ, ಸರಸರ ಇಳಿದುಬಿಡುತ್ತದೆ. ಹಾಗಿರುವಾಗ ಇವರನ್ನು ದಿನಗಟ್ಟಲೆ ಮಲಗಿಸಿಯೇ ಇಡುವುದು ಯಾವ ಲೆಕ್ಕದಲ್ಲಿ ಸುರಕ್ಷಿತ, ನೀವೇ ಹೇಳಿ.

ಬೆಡ್‌ನ ತಲೆಭಾಗ 30 ಡಿಗ್ರಿ ಎತ್ತಿದ್ದೇವಲ್ಲ ಅಂತ ನೀವು ಹೇಳಬಹುದು. ಎತ್ತಿರುತ್ತೀರಿ, ನಿಜ. ಆದರೆ ಪೇಷೆಂಟ್ ಅಷ್ಟರಲ್ಲಿ ಕಾಲಿನ ಕಡೆಗೆ ಜಾರಿರುತ್ತಾರೆ. ಬೆಡ್ ಸೊಂಟದ ಹತ್ತಿರ ಮಡಚಬೇಕಾದದ್ದು ಎದೆಯ ಹತ್ತಿರ ಮಡಚುತ್ತದೆ, ಹೊಟ್ಟೆ ಇನ್ನಷ್ಟು ಒತ್ತಿಕೊಂಡು ಮೇಲಕ್ಕೆ ಬರುತ್ತದೆ. ಚಾರ್ಟ್‌ನಲ್ಲಿ 30 ಡಿಗ್ರಿ ಅಂತ ಬರೆದಿರುತ್ತದೆ, ಪೇಷೆಂಟ್‌ಗೆ ಉಸಿರು ಮಾತ್ರ ಕಟ್ಟುತ್ತಿರುತ್ತದೆ. ಮೊದಲು ಮೇಲಕ್ಕೆ ಸರಿಸಿ, ಆಮೇಲೆ ತಲೆಭಾಗ ಎತ್ತಿ. ಅದಕ್ಕಿಂತ ಒಳ್ಳೆಯದು ಇಡೀ ಬೆಡ್ಡನ್ನೇ ಓರೆ ಮಾಡುವುದು, ತಲೆ ಮೇಲೆ, ಕಾಲು ಕೆಳಗೆ, ಪಾದಕ್ಕೆ ಫುಟ್‌ಬೋರ್ಡ್‌ನ ಆಧಾರ. ಹೊಟ್ಟೆ ಕೆಳಗಿಳಿಯುತ್ತದೆ, ವಪೆಗೆ ಜಾಗ ಸಿಗುತ್ತದೆ, ಪ್ರತಿ ಉಸಿರು ದೊಡ್ಡದಾಗುತ್ತದೆ. ಇದಕ್ಕೆ ಹೊಸ ಯಂತ್ರ ಬೇಡ, ಹೆಚ್ಚಿನ ಐಸಿಯು ಬೆಡ್‌ಗಳಲ್ಲಿ ಆ ಬಟನ್ ಈಗಾಗಲೇ ಇದೆ. ಪಾದಗಳು ಫುಟ್‌ಬೋರ್ಡನ್ನು ಒತ್ತುವುದರಿಂದ ಕಾಲಿನ ಮೇಲೆ ಮೈಭಾರವೂ ಸ್ವಲ್ಪ ಬೀಳುತ್ತದೆ. ಅಲ್ಲಿಗೆ ನಿಲ್ಲುವ ಅಭ್ಯಾಸ ಮಲಗಿದಲ್ಲೇ ಶುರುವಾದಂತೆ.

ವೆಂಟಿಲೇಟರ್ ಬಗ್ಗೆ ಎರಡು ಮಾತು. ಅದನ್ನು ಸೆಟ್ ಮಾಡುವುದು ನನ್ನ ಕೆಲಸವಲ್ಲ, ಆದರೆ ಅದು ತಪ್ಪಾದರೆ ನನ್ನ ಕೆಲಸ ಮುಂದಕ್ಕೆ ಹೋಗುವುದಿಲ್ಲ. ದಪ್ಪ ಆದವರ ಶ್ವಾಸಕೋಶ ದಪ್ಪ ಆಗಿರುವುದಿಲ್ಲ. ಉಸಿರಿನ ಗಾತ್ರವನ್ನು ಎತ್ತರದ ಮೇಲೆ ಲೆಕ್ಕ ಹಾಕಬೇಕು. 170 ಸೆಂಟಿಮೀಟರ್ ಎತ್ತರದ ಗಂಡಸಿಗೆ ಸೂತ್ರದ ಪ್ರಕಾರ ಬರುವ ತೂಕ ಸುಮಾರು 66 ಕಿಲೋ, ಕಿಲೋಗೆ 6 ಮಿಲಿಲೀಟರ್‌ನಂತೆ ಒಂದು ಉಸಿರಿಗೆ ಸುಮಾರು 400 ಮಿಲಿಲೀಟರ್. ಅದೇ ಮನುಷ್ಯನ ನಿಜವಾದ ತೂಕ 140 ಕಿಲೋ ಅಂತ ಅದರ ಮೇಲೆ ಗುಣಿಸಿದರೆ 840 ಆಗುತ್ತದೆ, ಎರಡು ಪಟ್ಟಿಗಿಂತ ಜಾಸ್ತಿ. ಕಡಿಮೆ ಗಾತ್ರದ ಉಸಿರು ಕೊಟ್ಟರೆ ಎಆರ್‌ಡಿಎಸ್ (ಶ್ವಾಸಕೋಶ ಏಕಾಏಕಿ ತೀವ್ರವಾಗಿ ಕೆಡುವ ಸ್ಥಿತಿ) ರೋಗಿಗಳು ಹೆಚ್ಚು ಬದುಕುತ್ತಾರೆ ಅಂತ ದೊಡ್ಡ ಪ್ರಯೋಗವೊಂದು ತೋರಿಸಿದ್ದು 2000ದಲ್ಲಿ. ಇಷ್ಟು ವರ್ಷ ಆದ ಮೇಲೂ ಟೇಪ್ ಹಿಡಿದು ಎತ್ತರ ಅಳೆಯದೆ, ಸುಮ್ನೆ ಕಣ್ಣಂದಾಜಿನಲ್ಲಿ ಬರೆಯುವ ಕಡೆಗಳಿವೆ. ದಯವಿಟ್ಟು ಅಳೆಯಿರಿ.

ಎರಡನೆಯದು ಪೀಪ್. ಉಸಿರು ಬಿಟ್ಟ ಮೇಲೂ ಗಾಳಿಚೀಲಗಳು ಮುಚ್ಚದಂತೆ ವೆಂಟಿಲೇಟರ್ ಒಳಗೆ ಹಿಡಿದಿಡುವ ಒತ್ತಡ ಅದು. ಹೊಟ್ಟೆ ಮತ್ತು ಎದೆಯ ಭಾರ ಹೊರಗಿನಿಂದ ಒತ್ತುತ್ತಿರುವಾಗ ಇವರಿಗೆ 5 (ಸೆಂಟಿಮೀಟರ್ ನೀರಿನ ಒತ್ತಡದ ಲೆಕ್ಕದಲ್ಲಿ) ಸಾಲದೇ ಹೋಗುವುದು ಸಾಮಾನ್ಯ, ಜಾಸ್ತಿ ಬೇಕಾಗುತ್ತದೆ. ಇಲ್ಲೊಂದು ತೊಡಕಿದೆ. ವೆಂಟಿಲೇಟರ್ ಮೇಲಿರುವವರನ್ನು ಎಬ್ಬಿಸುವುದು ಯಾವಾಗ ಸುರಕ್ಷಿತ ಅನ್ನುವುದಕ್ಕೆ 2014ರಲ್ಲಿ ತಜ್ಞರು ಸೇರಿ ಹಸಿರು, ಹಳದಿ, ಕೆಂಪು ಅಂತ ಗುರುತು ಮಾಡಿಕೊಟ್ಟರು. ತುಂಬಾ ಉಪಯೋಗದ ಪಟ್ಟಿ ಅದು, ನಾನೂ ದಿನಾ ಬಳಸುತ್ತೇನೆ. ಅದರಲ್ಲಿ ಪೀಪ್ 10ರವರೆಗೆ ಹಸಿರು, 10 ದಾಟಿದರೆ ಹಳದಿ. ಹಳದಿ ಅಂದರೆ ಯೋಚಿಸಿ, ಮಾತಾಡಿಕೊಂಡು ಮಾಡಿ ಅಂತ ಅರ್ಥ. ಹಲವು ಕಡೆ ಅದನ್ನು ಬೇಡ ಅಂತಲೇ ಓದುತ್ತಾರೆ. 130 ಕಿಲೋ ಇರುವ ಒಬ್ಬರಿಗೆ ಪೀಪ್ 12 ಇದ್ದರೆ ಅದು ಕಾಯಿಲೆ ಜೋರಾಗಿದೆ ಅನ್ನುವ ಗುರುತೇ ಆಗಬೇಕಾಗಿಲ್ಲ, ಅವರ ಮೈಗೆ ಬೇಕಾದ ಮಾಮೂಲಿ ಒತ್ತಡವೇ ಅಷ್ಟಿರಬಹುದು. ಆಕ್ಸಿಜನ್ ಎಷ್ಟು ಬೇಕಾಗುತ್ತಿದೆ, ಬಿಪಿ ಹೇಗಿದೆ, ಎಚ್ಚರ ಇದ್ದಾರಾ ಅಂತ ನೋಡಿ ತೀರ್ಮಾನ ಮಾಡಿ. ಒಂದು ಸಂಖ್ಯೆ ಹಿಡಿದುಕೊಂಡು ವಾರಗಟ್ಟಲೆ ಮಲಗಿಸಬೇಡಿ. ಹೇಗೂ ಅವರನ್ನು ಕೂರಿಸಿದಾಗ ಹೊಟ್ಟೆಯ ಒತ್ತಡ ಇಳಿಯುತ್ತದೆ, ಎಷ್ಟೋ ಸಲ ಶ್ವಾಸಕೋಶ ತೆರೆಯುವ ಕೆಲಸದಲ್ಲಿ ಅರ್ಧ ಅಲ್ಲೇ ಆಗಿರುತ್ತದೆ.

ಈಗ ಸ್ನಾಯುಗಳ ವಿಷಯ, ನನಗೆ ಅತಿ ಹೆಚ್ಚು ಸಂಕಟ ಆಗುವುದು ಇಲ್ಲಿಯೇ. ಐಸಿಯುನಲ್ಲಿ ಸ್ನಾಯು ಕರಗುವ ವೇಗ ನೋಡಿದರೆ ಭಯವಾಗುತ್ತದೆ. 2013ರಲ್ಲಿ ಬಂದ ಒಂದು ಅಧ್ಯಯನದಲ್ಲಿ 63 ರೋಗಿಗಳ ತೊಡೆಯ ಸ್ನಾಯುವನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆದಾಗ, ಹತ್ತನೇ ದಿನದ ಹೊತ್ತಿಗೆ ಅದರ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 18 ಶೇಕಡಾ ಇಳಿದಿತ್ತು. ವಪೆಯ ಕಥೆ ಇನ್ನೂ ಬೇಗ: ವೆಂಟಿಲೇಟರೇ ಪೂರ್ತಿ ಉಸಿರಾಡಿಸಿ ವಪೆಗೆ ಕೆಲಸವೇ ಇಲ್ಲದಂತಾದರೆ 18ರಿಂದ 69 ಗಂಟೆಯೊಳಗೆ ಅದರ ನಾರುಗಳು ಸಣ್ಣಗಾಗಿರುತ್ತವೆ ಅಂತ 2008ರಲ್ಲೇ ತೋರಿಸಿದ್ದಾರೆ. ತೆಳ್ಳಗಿರುವವರಲ್ಲಿ ಈ ಕರಗುವಿಕೆ ಕಣ್ಣಿಗೆ ಕಾಣುತ್ತದೆ. ಕೆನ್ನೆ ಒಳಗೆ ಹೋಗುತ್ತದೆ, ತೊಡೆ ಸಣ್ಣಗಾಗುತ್ತದೆ, ಮನೆಯವರು ಬಂದು ಏನಾಯ್ತು ಅಂತ ಕೇಳುತ್ತಾರೆ. ದಪ್ಪ ಇರುವವರಲ್ಲಿ ಕೊಬ್ಬು ಎಲ್ಲವನ್ನೂ ಮುಚ್ಚಿಡುತ್ತದೆ. ತೊಡೆ ಮೊದಲಿನಷ್ಟೇ ದಪ್ಪ ಕಾಣುತ್ತದೆ, ಒಳಗೆ ಎದ್ದು ನಿಲ್ಲಿಸುವ ಶಕ್ತಿ ಹೋಗಿರುತ್ತದೆ, ಯಾರೂ ಗಮನಿಸಿರುವುದಿಲ್ಲ.

ಅದಕ್ಕೆ ಕಣ್ಣನ್ನು ನಂಬಬೇಡಿ, ಪರೀಕ್ಷೆ ಮಾಡಿ ಅನ್ನುತ್ತೇನೆ. ಎಚ್ಚರ ಆದ ಪೇಷೆಂಟ್‌ಗೆ ಕೈಕಾಲಿನ ಶಕ್ತಿ ನೋಡಿ ಎಮ್‌ಆರ್‌ಸಿ ಸ್ಕೋರ್ ಹಾಕಲು ಜಾಸ್ತಿ ಹೊತ್ತು ಬೇಡ. 60ಕ್ಕೆ 48ಕ್ಕಿಂತ ಕಡಿಮೆ ಬಂದರೆ ಐಸಿಯುನಿಂದ ಬಂದ ನಿಶ್ಶಕ್ತಿ ಅಂತ ಲೆಕ್ಕ. ಒಂದು ಮಾತು ನ್ಯಾಯವಾಗಿ ಹೇಳಬೇಕು: ಮೊದಲಿನಿಂದ ದಪ್ಪ ಇದ್ದವರಲ್ಲಿ ಸ್ನಾಯು ಸ್ವಲ್ಪ ಕಡಿಮೆ ಕರಗುತ್ತದೆ ಅಂತ 2017ರ ಒಂದು ಸಂಶೋಧನೆ ಹೇಳಿದೆ. ಹಾಗಿದ್ದರೆ ಒಳ್ಳೆಯದೇ, ಇವರನ್ನು ಮೊದಲೇ ಕೈಬಿಡಲು ಇನ್ನೂ ಕಡಿಮೆ ಕಾರಣ ಆಯಿತು. ಆದರೆ ಉಳಿದ ಶಕ್ತಿ ಎತ್ತಬೇಕಾದದ್ದು 60 ಕಿಲೋ ಮೈಯನ್ನಲ್ಲ, 130 ಕಿಲೋ ಮೈಯನ್ನು ಅನ್ನುವುದು ನೆನಪಿರಲಿ. ಅದೇ ಕಾಲು, ಅದೇ ಸವೆದ ಮಂಡಿ. ತೆಳ್ಳಗಿರುವವರು ಸ್ವಲ್ಪ ಶಕ್ತಿ ಕಳೆದುಕೊಂಡರೂ ನಡೆದಾರು, ಇವರು ಅಷ್ಟೇ ಕಳೆದುಕೊಂಡರೆ ಕೂತಲ್ಲಿಂದ ಏಳಲಾಗುವುದಿಲ್ಲ.

ಇದರ ಜೊತೆ ನಿದ್ದೆ ಬರಿಸುವ ಔಷಧಿ. ಮಿಡಜೋಲಮ್, ಫೆಂಟನಿಲ್‌ನಂಥವು ಕೊಬ್ಬಿನಲ್ಲಿ ಹೋಗಿ ಕೂರುತ್ತವೆ. ದಿನಗಟ್ಟಲೆ ಹರಿಸಿದ ಮೇಲೆ ನಿಲ್ಲಿಸಿದರೂ ಅಲ್ಲಿಂದ ನಿಧಾನವಾಗಿ ರಕ್ತಕ್ಕೆ ಬರುತ್ತಲೇ ಇರುತ್ತವೆ, ಪೇಷೆಂಟ್ ಎಚ್ಚರಾಗುವುದು ತಡವಾಗುತ್ತದೆ. ಎಚ್ಚರವಿಲ್ಲದವರ ಜೊತೆ ನಾನು ಏನು ವ್ಯಾಯಾಮ ಮಾಡಿಸಲಿ? ಕೈಕಾಲು ಆಡಿಸಬಹುದು ಅಷ್ಟೇ. ಈ ನಿದ್ದೆ ಔಷಧಿ (ಸೆಡೇಶನ್) ಕಡಿಮೆ ಮಾಡುವ ಹೊತ್ತನ್ನೂ ಫಿಜಿಯೋ ಬರುವ ಹೊತ್ತನ್ನೂ ಹೊಂದಿಸಿಕೊಳ್ಳಿ, ಇದಕ್ಕೆ ದುಡ್ಡು ಬೇಡ, ಬೆಳಿಗ್ಗೆ ಒಂದು ಮಾತು ಸಾಕು.

ಊಟದ ವಿಷಯದಲ್ಲಿ ಕೇಳಿಬರುವ ಒಂದು ಮಾತು ನನಗೆ ಸಹಿಸಲಾಗುವುದಿಲ್ಲ. "ಮೈಯಲ್ಲಿ ಇಷ್ಟೊಂದಿದೆಯಲ್ಲ, ಕೆಲವು ದಿನ ಕಡಿಮೆ ಕೊಟ್ಟರೆ ತೂಕವಾದರೂ ಇಳಿಯುತ್ತೆ." ಜೋರು ಕಾಯಿಲೆಯಲ್ಲಿ ಮೈ ಕೊಬ್ಬನ್ನು ಆರಿಸಿಕೊಂಡು ಉರಿಸುವುದಿಲ್ಲ, ಸ್ನಾಯುವನ್ನು ಒಡೆದು ತಿನ್ನುತ್ತದೆ. 2016ರ ಅಮೆರಿಕದ ಪೋಷಣೆ ಮಾರ್ಗಸೂಚಿಯಲ್ಲಿ ಇವರಿಗೆ ಕ್ಯಾಲರಿ ಕಡಿಮೆ ಮಾಡಿದರೂ ಪ್ರೋಟೀನ್ ಜಾಸ್ತಿ ಕೊಡಿ ಅಂತ ಸ್ಪಷ್ಟವಾಗಿದೆ: ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 30ರಿಂದ 40 ಇದ್ದರೆ ಆದರ್ಶ ತೂಕದ, ಅಂದರೆ ಎತ್ತರಕ್ಕೆ ತಕ್ಕ ತೂಕದ, ಪ್ರತಿ ಕಿಲೋಗೆ ದಿನಕ್ಕೆ 2 ಗ್ರಾಂ, 40 ಮತ್ತು ಅದಕ್ಕಿಂತ ಮೇಲಿದ್ದರೆ 2.5 ಗ್ರಾಂವರೆಗೆ. ಕಿಡ್ನಿ, ಲಿವರ್ ನೋಡಿಕೊಂಡು ಡಾಕ್ಟರ್, ಡಯಟಿಷಿಯನ್ ತೀರ್ಮಾನಿಸಲಿ. ತೂಕ ಇಳಿಸುವ ಜಾಗ ಐಸಿಯು ಅಲ್ಲ.

ವೆಂಟಿಲೇಟರ್‌ಗಾಗಿ ಗಂಟಲೊಳಗೆ ಹಾಕಿದ ಟ್ಯೂಬ್ ತೆಗೆಯುವ ದಿನಕ್ಕೆ ಬರೋಣ. ಆ ದಿನ ಎಲ್ಲರಿಗೂ ಖುಷಿ, ಆದರೆ ಇವರಿಗೆ ಆಮೇಲಿನ ಒಂದೆರಡು ದಿನ ತುಂಬಾ ನಾಜೂಕು. ವೆಂಟಿಲೇಟರ್ ಹಿಡಿದಿದ್ದ ಒತ್ತಡ ಏಕಾಏಕಿ ಹೋಗುತ್ತದೆ, ಗಾಳಿಚೀಲಗಳು ಮತ್ತೆ ಮುಚ್ಚತೊಡಗುತ್ತವೆ, ಕಫ ತೆಗೆಯಲು ಕೆಮ್ಮು ಸಾಲದು. 2023ರಲ್ಲಿ ಫ್ರಾನ್ಸಿನ ಐಸಿಯುಗಳಲ್ಲಿ ನಡೆದ ಒಂದು ಪ್ರಯೋಗ ಬಂತು, ದಪ್ಪ ಇರುವ ಸಾವಿರದ ಹತ್ತಿರ ರೋಗಿಗಳು ಅದರಲ್ಲಿದ್ದರು. ಟ್ಯೂಬ್ ತೆಗೆದ ಮೇಲೆ ಬರೀ ಆಕ್ಸಿಜನ್ ಕೊಟ್ಟ ಗುಂಪಿಗಿಂತ ಮಾಸ್ಕ್ ಮೂಲಕ ಎನ್‌ಐವಿ, ಅಂದರೆ ಟ್ಯೂಬ್ ಇಲ್ಲದೆ ಒತ್ತಡದ ಗಾಳಿ, ಕೊಟ್ಟ ಗುಂಪಿನಲ್ಲಿ ಚಿಕಿತ್ಸೆ ವಿಫಲವಾದದ್ದು ಸುಮಾರು ಅರ್ಧದಷ್ಟು ಮಾತ್ರ. ಅಂದರೆ ಕಷ್ಟ ಕಾಣಿಸಲಿ, ಆಮೇಲೆ ಮಾಸ್ಕ್ ಹಾಕೋಣ ಅಂತ ಕಾಯಬೇಕಾಗಿಲ್ಲ, ಟ್ಯೂಬ್ ತೆಗೆದ ಕೂಡಲೇ ಶುರು ಮಾಡಬಹುದು. ಕೂರಿಸಿಯೇ ಟ್ಯೂಬ್ ತೆಗೆಯಿರಿ. ಮಾಸ್ಕ್ ಬಿಡುವು ಕೊಟ್ಟಾಗ ಕೆಮ್ಮಿಸಿ, ಆಳವಾಗಿ ಉಸಿರು ಎಳೆಸಿ, ಕುರ್ಚಿಗೆ ಸರಿಸಿ, ಮತ್ತೆ ಮಾಸ್ಕ್ ಹಾಕಿ. ಮಾಸ್ಕ್ ಇದೆ ಅಂತ ವ್ಯಾಯಾಮ ನಿಲ್ಲಿಸುವುದೂ ಬೇಡ, ಎನ್‌ಐವಿ ಹಾಕಿಕೊಂಡೇ ಕಾಲಾಡಿಸುವ, ಎದ್ದು ನಿಲ್ಲುವ ಕೆಲಸ ಮಾಡಿಸಬಹುದು, ಉಸಿರಿಗೆ ಆಧಾರ ಇರುವುದರಿಂದ ಅವರಿಗೂ ಸುಲಭ.

ಇನ್ನೊಂದು ಎಚ್ಚರಿಕೆ. ಇವರಲ್ಲಿ ಹಲವರಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಮೊದಲೇ ಇರುತ್ತದೆ, ಕೆಲವರಿಗೆ ಎಚ್ಚರ ಇದ್ದಾಗಲೂ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಸಾಮಾನ್ಯ ಮಿತಿಯಾದ 45 ದಾಟಿರುತ್ತದೆ, ಯಾರೂ ಕಂಡುಹಿಡಿದಿರುವುದಿಲ್ಲ. ಮನೆಯಲ್ಲಿ ಜೋರು ಗೊರಕೆ, ಹಗಲೆಲ್ಲ ತೂಕಡಿಕೆ ಅಂತಷ್ಟೇ ಗೊತ್ತಿರುತ್ತದೆ. ಅಂಥವರಿಗೆ ಆಕ್ಸಿಜನ್ ಮಾತ್ರ ಜಾಸ್ತಿ ಮಾಡುತ್ತಾ ಹೋದರೆ ಸ್ಯಾಚುರೇಶನ್ ಚೆನ್ನಾಗಿ ಕಾಣುತ್ತದೆ, ಒಳಗೆ ಕಾರ್ಬನ್ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ, ಮಂಪರು ಬರುತ್ತದೆ. ಸುಸ್ತಾಗಿ ಮಲಗಿದ್ದಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಹೊರಗೆ ಕಾಯುತ್ತಿರುವ ಮನೆಯವರೇ, ಗೊರಕೆ, ತೂಕಡಿಕೆ ವಿಷಯವನ್ನು ಕೇಳದಿದ್ದರೂ ಡಾಕ್ಟರ್‌ಗೆ ಹೇಳಿ. ಅದು ಸಣ್ಣ ವಿಷಯ ಅಲ್ಲ.

ಎಬ್ಬಿಸುವುದು ಹೇಗೆ ಅಂತ ಕೇಳುವವರಿಗೆ: ಒಂದೇ ಸಲ ನಿಲ್ಲಿಸಬೇಕಾಗಿಲ್ಲ. ಓರೆ ಬೆಡ್, ಆಮೇಲೆ ಬೆಡ್ಡನ್ನೇ ಕುರ್ಚಿಯಂತೆ ಮಾಡಿ ಕೂರಿಸುವುದು, ಆಮೇಲೆ ಅಂಚಿಗೆ ಕಾಲು ಇಳಿಬಿಟ್ಟು ಕೂರುವುದು. ಅಂಚಿಗೆ ಕೂರಿಸುವ ಮುಂಚೆ ಗಾಳಿ ಹಾಸಿಗೆಯನ್ನು ಗಟ್ಟಿ ಮಾಡಿ, ಇಲ್ಲದಿದ್ದರೆ ಅಂಚು ಕುಸಿದು ಪೇಷೆಂಟ್ ಮುಂದಕ್ಕೆ ಜಾರುತ್ತಾರೆ. ಪಾದ ಎರಡೂ ನೆಲಕ್ಕೆ ಊರಿರಬೇಕು, ಕಾಲು ಅಗಲಿಸಿ ಹೊಟ್ಟೆಗೆ ನಡುವೆ ಜಾಗ ಬಿಡಬೇಕು, ಮುಂದಕ್ಕೆ ಬಾಗಲು ಅವಕಾಶ ಇಲ್ಲದಿದ್ದರೆ ಯಾರಿಗೂ ಏಳಲು ಆಗುವುದಿಲ್ಲ. ತಲೆ ತಿರುಗುತ್ತದಾ ಅಂತ ಕೇಳುತ್ತಾ ಕಾಯಬೇಕು. ಬಿಪಿ ಪಟ್ಟಿ ತೋಳಿಗೆ ಸರಿಯಾದ ಅಳತೆಯದ್ದೇ ಆಗಿರಲಿ, ಚಿಕ್ಕ ಪಟ್ಟಿ ಬಿಪಿಯನ್ನು ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ನಾವು ಅದನ್ನು ನಂಬಿ ಹೆದರಿಯೋ ಧೈರ್ಯ ಮಾಡಿಯೋ ತಪ್ಪು ಹೆಜ್ಜೆ ಇಡುತ್ತೇವೆ. ಗಂಟಲಲ್ಲಿ ಟ್ರೆಕಿಯಾಸ್ಟಮಿ (ಉಸಿರಾಟಕ್ಕೆ ಕುತ್ತಿಗೆಯಲ್ಲಿ ಮಾಡಿದ ರಂಧ್ರ) ಇದ್ದರೆ ಕುತ್ತಿಗೆ ದಪ್ಪ ಇರುವವರಿಗೆ ಮಾಮೂಲಿ ಉದ್ದದ ಟ್ಯೂಬ್ ಸಾಲದಿರಬಹುದು, ಕೂರಿಸುವಾಗ, ತಿರುಗಿಸುವಾಗ ಅದು ಜಾರುವ ಅಪಾಯ ಇದೆ, ಒಬ್ಬರು ಅದನ್ನೇ ನೋಡಿಕೊಳ್ಳಬೇಕು. ಚರ್ಮದ ಮಡಿಕೆಗಳ ಒಳಗೆ ಪೈಪ್, ವೈರ್ ಸಿಕ್ಕಿಕೊಂಡು ಗಾಯ ಆಗಿರುತ್ತದೆ, ಪ್ರತಿ ಸಲ ತಿರುಗಿಸಿದಾಗ ನೋಡಿ.

ಈಗ ಆಡಳಿತದವರಿಗೆ ನೇರವಾಗಿ. ಈ ಕೆಲಸ ಬರೀ ಕೈಯಲ್ಲಿ ಆಗುವುದಿಲ್ಲ. ನರ್ಸ್‌ಗಳು, ಅಟೆಂಡರ್‌ಗಳು, ಫಿಜಿಯೋಗಳು ಬೆನ್ನು ಕೆಡಿಸಿಕೊಂಡು ಎತ್ತಬೇಕು ಅಂತ ನಾನು ಕೇಳುತ್ತಿಲ್ಲ. ಎತ್ತಲೇಬಾರದು ಅನ್ನುತ್ತಿದ್ದೇನೆ. ಲಿಫ್ಟ್ ಬೇಕು, ಅದಕ್ಕೆ ದೊಡ್ಡ ಅಳತೆಯ ಸ್ಲಿಂಗ್ (ಪೇಷೆಂಟನ್ನು ಕೂರಿಸಿ ಎತ್ತುವ ಬಟ್ಟೆಯ ಜೋಲಿ) ಬೇಕು, ಜಾರಿಸುವ ಶೀಟ್ ಬೇಕು, ಅಗಲದ ಗಟ್ಟಿ ಕುರ್ಚಿ, ಅಗಲದ ವಾಕರ್ ಬೇಕು. ಪ್ರತಿ ಬೆಡ್, ಕುರ್ಚಿ, ಲಿಫ್ಟ್‌ಗೂ ಎಷ್ಟು ಕಿಲೋ ತಡೆಯುತ್ತದೆ ಅನ್ನುವ ಮಿತಿ ಇದೆ, ಅದು ಎಲ್ಲೋ ಕೆಳಗೆ ಕಾಣದ ಜಾಗದಲ್ಲಿ ಅಂಟಿಸಿರುತ್ತದೆ. ಆ ಸಂಖ್ಯೆಯನ್ನು ದೊಡ್ಡದಾಗಿ ಎದುರಿಗೇ ಬರೆಸಿ. ಎಷ್ಟೋ ಸಲ ನಾವು ಹಿಂಜರಿಯುವುದು ಪೇಷೆಂಟ್‌ನ ತೂಕಕ್ಕಲ್ಲ, ಈ ಕುರ್ಚಿ ಮುರಿದರೆ ಅನ್ನುವ ಭಯಕ್ಕೆ. ಒಂದು ಲಿಫ್ಟ್ ನಾಲ್ಕು ವಾರ್ಡ್ ಸುತ್ತುತ್ತಿದ್ದರೆ ಅದು ಐಸಿಯುಗೆ ಇಲ್ಲ ಅಂತಲೇ ಲೆಕ್ಕ. ಜನರ ವಿಷಯವೂ ಅಷ್ಟೇ, ದಿನದಲ್ಲಿ ಒಂದು ನಿಗದಿ ಹೊತ್ತು ಇಟ್ಟು ನಾಲ್ಕು ಜನ ಒಟ್ಟಿಗೆ ಬರುವಂತೆ ಡ್ಯೂಟಿ ಹಾಕಿ, ಯಾರಾದರೂ ಬಿಡುವಾದಾಗ ನೋಡೋಣ ಅಂದರೆ ಆ ಬಿಡುವು ಬರುವುದೇ ಇಲ್ಲ.

ಬೇಗ ಎಬ್ಬಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳಲಾರೆ. 2009ರ ಒಂದು ಪ್ರಯೋಗದಲ್ಲಿ 104 ರೋಗಿಗಳಿದ್ದರು. ಬೇಗ ವ್ಯಾಯಾಮ ಶುರು ಮಾಡಿದವರಲ್ಲಿ 59 ಶೇಕಡಾ ಜನ ಆಸ್ಪತ್ರೆ ಬಿಡುವಾಗ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತಿದ್ದರು, ಉಳಿದವರಲ್ಲಿ 35 ಶೇಕಡಾ. 2022ರಲ್ಲಿ 750 ರೋಗಿಗಳ ಇನ್ನೊಂದು ದೊಡ್ಡ ಪ್ರಯೋಗ ಬಂದು, ಮಾಮೂಲಿಗಿಂತ ಹೆಚ್ಚು ಜೋರಾಗಿ ಬೇಗ ಎಬ್ಬಿಸಿದರೆ ಹೆಚ್ಚಿನ ಲಾಭ ಇಲ್ಲ, ಅಡ್ಡ ಪರಿಣಾಮ ಜಾಸ್ತಿ ಅಂತ ತೋರಿಸಿತು. ಈ ಎರಡನೆಯದನ್ನು ಹಿಡಿದುಕೊಂಡು "ನೋಡಿ, ಎಬ್ಬಿಸಬೇಕಾಗಿಲ್ಲ" ಅನ್ನುವವರಿದ್ದಾರೆ. ಆ ಪ್ರಯೋಗದಲ್ಲಿ ಮಾಮೂಲಿ ಗುಂಪಿನವರಿಗೂ ದಿನಾ ಒಂದಿಷ್ಟು ವ್ಯಾಯಾಮ ಸಿಗುತ್ತಿತ್ತು ಅನ್ನುವುದನ್ನು ಮರೆಯಬೇಡಿ. ನಾನು ಕೇಳುತ್ತಿರುವುದು ಆ ಮಾಮೂಲಿಯನ್ನೇ. ಅದು ತೂಕ ಜಾಸ್ತಿ ಇರುವವರಿಗೂ ಸಿಗಲಿ, ಅಷ್ಟೇ.

ಯಾಕೆಂದರೆ ಇವರು ಬದುಕುತ್ತಾರೆ. ದಪ್ಪ ಇರುವವರು ಐಸಿಯುಗೆ ಬಂದರೆ ಉಳಿಯುವುದು ಕಷ್ಟ ಅಂತ ಎಲ್ಲರೂ ಅಂದುಕೊಂಡಿದ್ದಾರೆ, ಆದರೆ ಹಲವು ಅಧ್ಯಯನಗಳಲ್ಲಿ ಇವರ ಸಾವಿನ ಪ್ರಮಾಣ ಬೇರೆಯವರಿಗಿಂತ ಜಾಸ್ತಿ ಕಂಡಿಲ್ಲ, ಕೆಲವದರಲ್ಲಿ ಕಡಿಮೆಯೇ ಇದೆ. ಹೀಗೆ ಉಳಿದುಕೊಂಡು ಹೊರಗೆ ಬರುವವರು ಶೌಚಾಲಯಕ್ಕೆ ತಾವೇ ಹೋಗುವಂತೆ ಬರುತ್ತಾರಾ, ಇಲ್ಲ ಇಬ್ಬರು ಹಿಡಿದು ಎತ್ತಬೇಕಾದ ಸ್ಥಿತಿಯಲ್ಲಿ ಬರುತ್ತಾರಾ ಅನ್ನುವುದು ಬಹಳಷ್ಟು ನಮ್ಮ ಕೈಯಲ್ಲಿದೆ.

ಪೇಷೆಂಟ್ ಎದುರಿಗೇ ಅವರ ಮೈ ಬಗ್ಗೆ ಮಾತಾಡುವುದನ್ನೂ ಬಿಡೋಣ. ಟ್ಯೂಬ್ ಇರುವುದರಿಂದ ಉತ್ತರ ಕೊಡಲಾಗುವುದಿಲ್ಲ, ಕಿವಿ ಕೇಳಿಸುತ್ತದೆ ಅಲ್ವಾ? ಎತ್ತುವವರು ಮುಖ ಸಿಂಡರಿಸಿದ್ದು ಕಾಣಿಸುತ್ತದೆ. ಆಮೇಲೆ ಅವರು ಏಳಲು ಒಪ್ಪದಿದ್ದರೆ ಸಹಕರಿಸುತ್ತಿಲ್ಲ ಅಂತ ಚಾರ್ಟ್‌ನಲ್ಲಿ ಬರೆಯುತ್ತೇವೆ. ಬೀಳುತ್ತೇನೆ ಅನ್ನುವ ಭಯ, ಉಸಿರು ಸಿಗುವುದಿಲ್ಲ ಅನ್ನುವ ಭಯ, ಮಂಡಿನೋವು, ಮೈಮೇಲೆ ಬಟ್ಟೆ ಸರಿಯಾಗಿ ನಿಲ್ಲದ ನಾಚಿಕೆ, ಇವೆಲ್ಲ ಅದರ ಹಿಂದೆ ಇರುತ್ತವೆ. ಮೈಮುಚ್ಚುವ ದೊಡ್ಡ ಗೌನ್ ಒಂದನ್ನು ತಂದಿಟ್ಟರೂ ಎಷ್ಟೋ ಜನ ಎದ್ದು ಕೂರಲು ಒಪ್ಪುತ್ತಾರೆ.

ಐಸಿಯುನಿಂದ ವಾರ್ಡಿಗೆ ಕಳಿಸುವಾಗ ಕೆಲಸ ಮುಗಿಯುವುದಿಲ್ಲ. ವಾರ್ಡಿನಲ್ಲಿ ಜನ ಇನ್ನೂ ಕಡಿಮೆ, ಅಲ್ಲಿ ಇವರು ಮತ್ತೆ ಮಲಗಿಬಿಡುತ್ತಾರೆ. ಎಷ್ಟು ಜನ ಹಿಡಿದರೆ ನಿಲ್ಲುತ್ತಾರೆ, ಯಾವ ಕುರ್ಚಿ ಸರಿಹೋಗುತ್ತದೆ, ರಾತ್ರಿ ಮಾಸ್ಕ್ ಬೇಕಾ, ನಿದ್ದೆಯ ಪರೀಕ್ಷೆ ಯಾವಾಗ ಅನ್ನುವುದನ್ನು ಬರೆದು ಕಳಿಸಿ. ಮನೆಗೆ ಹೋಗುವ ಮುಂಚೆ ಮನೆಯವರಿಗೆ ಹಿಡಿದು ಎಬ್ಬಿಸುವುದನ್ನು ಕಲಿಸಿ, ಉಸಿರಿನ ವ್ಯಾಯಾಮ ಎಷ್ಟು ಸಲ ಅಂತ ತಿಳಿಸಿ, ಮತ್ತೆ ಬಂದು ತೋರಿಸುವ ದಿನ ಕೊಡಿ.

ಮುಂದಿನ ಸಲ ರೌಂಡ್ಸ್‌ನಲ್ಲಿ ಇವರ ಬೆಡ್ ಮುಂದೆ ನಿಂತಾಗ ಮೂರು ಪ್ರಶ್ನೆ ಕೇಳಿ ಅಂತ ನನ್ನ ವಿನಂತಿ: ಎತ್ತರ ಅಳೆದಿದ್ದೀರಾ, ಇವತ್ತು ಎಷ್ಟು ಹೊತ್ತಿಗೆ ಕೂರಿಸುತ್ತೀರಿ, ಅದಕ್ಕೆ ಯಾರು ಯಾರು ಬರುತ್ತಾರೆ. ಎಬ್ಬಿಸುವುದು ಬೇಡ ಅನ್ನುವುದಾದರೆ ಅದರ ಕಾರಣವನ್ನು ಚಾರ್ಟ್‌ನಲ್ಲಿ ಬರೆದು ಸಹಿ ಹಾಕಿ. ಬರೀ ತೂಕವನ್ನೇ ಕಾರಣ ಅಂತ ಬರೆದಿದ್ದರೆ ನಾನು ಬಂದು ಕೇಳುತ್ತೇನೆ.

ಇಂತಿ ನಿಮ್ಮವ,
ಐಸಿಯುನ ಒಬ್ಬ ಫಿಜಿಯೋಥೆರಪಿಸ್ಟ್